ಒಂದು ಸುಳ್ಳು ತಡೆಯುವ ಅಂಟು

ನಮ್ಮ ಮನೆಯ ಕನ್ನಡಿಯನ್ನು ಬೀಳಿಸಿದ್ದು ನನ್ನ ಬಾಯಿ. ಕೈ ತಾಗಲಿಲ್ಲ, ಬೆಕ್ಕು ಹಾರಲಿಲ್ಲ, ಭೂಮಿ ನಡುಗಲಿಲ್ಲ. ನನ್ನ ಹೆಂಡತಿ ಇಂದುಮತಿ ಕನ್ನಡಿಯ ಮುಂದೆ ನಿಂತು ಎಡಗೆನ್ನೆಯನ್ನು ಎರಡು ಬೆರಳಲ್ಲಿ ಮೇಲಕ್ಕೆತ್ತಿ ಬಿಡುವುದು, ಮತ್ತೆ ಎತ್ತಿ ಬಿಡುವುದು ಮಾಡುತ್ತಿದ್ದಳು. ಅದರ ಹಿಂದಿನ ವಾರ ಬೆಳಗ್ಗೆ ಏಳುವಾಗ ಅವಳ ಮುಖದ ಎಡ ಅರ್ಧ ಸೋತುಹೋಗಿತ್ತು. ಆ ಕಡೆಯ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ತುಟಿ ಕೆಳಗಿಳಿದಿತ್ತು, ಕುಡಿದ ಕಾಫಿಯಲ್ಲಿ ಕಾಲು ಭಾಗ ಗಲ್ಲದ ಪಾಲಾಗುತ್ತಿತ್ತು. "ಹೇಗೆ ಕಾಣ್ತೀನಿ ರೀ?" ಅಂದಳು. ನಾನು ಬಾಗಿಲಲ್ಲಿ ನಿಂತು "ಏನೂ ಗೊತ್ತೇ ಆಗಲ್ಲ ಕಣೇ" ಅಂದೆ. 'ಕಣೇ' ಮುಗಿಯುವುದರೊಳಗೆ ಕನ್ನಡಿ ಗೋಡೆ ಬಿಟ್ಟು ನೆಲಕ್ಕೆ ಬಂದಿತ್ತು. ಇಂದುಮತಿ ಚೂರುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಪೊರಕೆ ತರಲು ಒಳಗೆ ಹೋದಳು. ಆಮೇಲೆ ಮೂರು ತಿಂಗಳು ಹೊಸಿಲು ದಾಟಲಿಲ್ಲ.

ನಮ್ಮ ಊರಿನಲ್ಲಿ ಗೋಡೆಗೆ ಅಂಟಿಸಿದ ವಸ್ತುವಿನ ಎದುರು ಸುಳ್ಳು ಹೇಳಿದರೆ ಆ ವಸ್ತು ಬೀಳುತ್ತದೆ. ಅಜ್ಜಂದಿರ ಕಾಲದಿಂದಲೂ ಹಾಗೇ. ಮೊಳೆ ಹೊಡೆದು ನೋಡಿದವರೂ ಇದ್ದಾರೆ. ಆಗ ಮೊಳೆಯ ಜೊತೆಗೆ ಅಂಗೈಯಗಲದ ಗಾರೆಯೂ ಉದುರಿ ಸುಳ್ಳಿಗೆ ರಿಪೇರಿಯ ಕೆಲಸ ಸೇರಿಕೊಳ್ಳುತ್ತದೆ. ಹಾಗಾಗಿ ಎಲ್ಲರೂ ಅಂಟನ್ನೇ ನಂಬಿದ್ದೇವೆ. ವಕೀಲರ ಕಚೇರಿಗಳ ಗೋಡೆ ಬೋಳು. ಜ್ಯೋತಿಷಿಗಳು ಗುಡಾರದಲ್ಲಿ ಕೂರುತ್ತಾರೆ. ಪುರಸಭೆಯಲ್ಲಿ ಅಧ್ಯಕ್ಷರ ಭಾವಚಿತ್ರ ಒಂದೇ ಬಜೆಟ್ ಸಭೆಯಲ್ಲಿ ಹದಿನಾಲ್ಕು ಸಲ ಬಿದ್ದ ಮೇಲೆ, ಗೋಡೆಗಳು ಅಭಿವೃದ್ಧಿಗೆ ಅಡ್ಡಿ ಎಂದು ಠರಾವು ಮಾಡಿ ನಾಲ್ಕನ್ನೂ ಕೆಡವಿಸಿದರು. ಈಗ ಅಲ್ಲಿ ಕಂಬಗಳ ಮೇಲೆ ಬರೀ ಸೂರು. ಸಭೆಗಳು ಸುಗಮವಾಗಿ ನಡೆಯುತ್ತಿವೆ. ಪಾರದರ್ಶಕ ಆಡಳಿತವೆಂದು ಅದಕ್ಕೆ ಬಹುಮಾನವೂ ಬಂದಿದೆ. ನಾನು ಅರ್ಥಶಾಸ್ತ್ರ ಹೇಳಿಕೊಡುವ ಕಾಲೇಜಿನಲ್ಲಿ 'ಮುಂದಿನ ಐದು ವರ್ಷಗಳ ಬೆಳವಣಿಗೆ' ಎಂಬ ಒಂದೇ ಪಾಠಕ್ಕೆ ಎರಡು ಕಪ್ಪುಹಲಗೆ ಬಲಿಯಾದವು. ಮೂರನೆಯದನ್ನು ಮರದ ಕಾಲಿನ ಮೇಲೆ ನಿಲ್ಲಿಸಿದ್ದಾರೆ.

ಮಾತಿನಲ್ಲಿ ನಮಗೆ ಎರಡು ಜಾತಿ. ಒಂದು ಗೋಡೆ ಮಾತು, ಇನ್ನೊಂದು ಬಯಲು ಮಾತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದ ಮೇಲೆ, ಗಂಡಿನ ಕೆಲಸದ ವಿಷಯ ಬರುತ್ತಿದ್ದಂತೆ, "ಸೆಕೆ ಅಲ್ವಾ" ಎನ್ನುತ್ತ ಹೊಂಗೆ ಮರದ ಕೆಳಗೆ ಹೋಗಿ ನಿಲ್ಲುತ್ತಾರೆ. ಚಳಿಗಾಲದಲ್ಲೂ ಸೆಕೆಯೇ. ಬುದ್ಧಿವಂತ ಹೆಣ್ಣುಮಕ್ಕಳು ಗಂಡನ್ನು ಮತ್ತೆ ಒಳಗೆ ಕರೆದು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲಿಸಿ "ಈಗ ಹೇಳಿ" ಅನ್ನುತ್ತಾರೆ. ಯಾರಾದರೂ ಹೆಗಲ ಮೇಲೆ ಕೈಯಿಟ್ಟು "ಸ್ವಲ್ಪ ಹೊರಗೆ ಬನ್ನಿ" ಅಂದರೆ ನಮಗೆ ಎದೆ ಧಸಕ್ಕೆನ್ನುತ್ತದೆ. ಇಂದುಮತಿಯ ಡಾಕ್ಟರು ಮೊದಲ ದಿನ ನಮ್ಮನ್ನು ಆಸ್ಪತ್ರೆಯ ಅಂಗಳಕ್ಕೆ ಕರೆದುಕೊಂಡು ಹೋಗಿ, "ಏನೂ ಯೋಚನೆ ಮಾಡಬೇಡಿ, ಪೂರ್ತಿ ಸರಿಹೋಗುತ್ತೆ" ಅಂದರು. ಇಂದುಮತಿ ಅವರ ಕೋಟಿನ ತುದಿ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಕಣ್ಣಿನ ಪರೀಕ್ಷೆಯ ಪಟದ ಮುಂದೆ ನಿಲ್ಲಿಸಿದಳು. ಡಾಕ್ಟರು ಬೆವರು ಒರೆಸಿಕೊಂಡು "ನೂರಕ್ಕೆ ಎಂಬತ್ತು" ಅಂದರು. ಪಟ ಅಲ್ಲಾಡಲಿಲ್ಲ.

ಇನ್ನು ನನ್ನ ವಿಷಯ. ವಾರದಲ್ಲಿ ಐದು ದಿನ ನಾನು ಮೇಷ್ಟ್ರು, ಉಳಿದೆರಡು ದಿನ ಮದುವೆ ಮುಂಜಿಗಳ ಆರ್ಕೆಸ್ಟ್ರಾದಲ್ಲಿ 'ಮಿಮಿಕ್ರಿ ವಿರೂಪಾಕ್ಷ'. ಹದಿನೇಳು ದನಿ ಬರುತ್ತವೆ. ಹೆಸರಿನಲ್ಲೇ ವಿರೂಪವಿರುವುದರಿಂದ ಮುಖ ಕಿವುಚುವುದಕ್ಕೆ ನನಗೆ ಜನ್ಮಸಿದ್ಧ ಹಕ್ಕಿದೆ ಎಂದು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇನೆ. ಗೋಡೆಗಳು ಮಿಮಿಕ್ರಿಯನ್ನು ಸುಳ್ಳೆಂದು ಎಣಿಸುವುದಿಲ್ಲ ಎನ್ನುವುದನ್ನು ನಾನು ಚಿಕ್ಕಂದಿನಲ್ಲೇ ಕಂಡುಕೊಂಡೆ. ಪುರಸಭೆ ಅಧ್ಯಕ್ಷರ ಗಂಟಲಿನಲ್ಲಿ ಏನು ಹೇಳಿದರೂ ಅದು ಅಧ್ಯಕ್ಷರ ಮಾತೇ ಹೊರತು ನನ್ನದಲ್ಲವಲ್ಲ. ಈ ಸಂಶೋಧನೆಯ ಮೇಲೆ ನನ್ನ ಸಂಸಾರ ಹನ್ನೊಂದು ವರ್ಷ ನಿಂತಿತ್ತು. ಸಾರು ಹೇಗಿದೆ ಎಂದು ಇಂದುಮತಿ ಕೇಳಿದರೆ ಅವಳ ಅಪ್ಪನ ಮೂಗುದನಿಯಲ್ಲಿ "ಬಲು ರುಚಿ ಮಗಾ" ಅನ್ನುತ್ತಿದ್ದೆ. ಹೊಸ ಸೀರೆ ಉಟ್ಟರೆ ರೈಲ್ವೆ ಪ್ರಕಟಣೆಯ ಹೆಂಗಸಿನ ದನಿಯಲ್ಲಿ "ಪ್ರಯಾಣಿಕರ ಗಮನಕ್ಕೆ, ಸುಂದರಿಯೊಬ್ಬರು ಒಂದನೇ ಪ್ಲಾಟ್‌ಫಾರಮ್ಮಿಗೆ ಬಂದಿದ್ದಾರೆ" ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು, ಕನ್ನಡಿ ನಿಂತಿರುತ್ತಿತ್ತು. ಅವಳ ಮುಖ ಸೋತ ಮೇಲೆ ಮಾತ್ರ ಗಾಬರಿಯಲ್ಲಿ ಬೇರೆಯವರ ದನಿ ಹುಡುಕುವುದಕ್ಕೆ ಪುರುಸೊತ್ತಾಗದೆ ನನ್ನದೇ ದನಿ ಹೊರಬಂತು. ಪರಿಣಾಮವನ್ನು ಆಗಲೇ ಹೇಳಿದ್ದೇನೆ.

ಮೂರು ತಿಂಗಳ ಮಸಾಜು, ವ್ಯಾಯಾಮ, ಬಲೂನು ಊದುವಿಕೆಯ ನಂತರ ಡಾಕ್ಟರ ಎಂಬತ್ತು ನಿಜವಾಯಿತು. ಇಪ್ಪತ್ತು ಉಳಿಯಿತು. ಇಂದುಮತಿ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಟೀಚರು. ರಜೆ ಮುಗಿಯುತ್ತಿತ್ತು. ಸೋಮವಾರ ಹಾಜರಾಗಬೇಕು, ಇಲ್ಲವಾದರೆ ರಾಜೀನಾಮೆ ಬರೆದು ಕಳಿಸಬೇಕು. ಶುಕ್ರವಾರ ಸಂಜೆ ಅವಳು ರಾಜೀನಾಮೆಯನ್ನು ಸುಂದರವಾದ ಅಕ್ಷರದಲ್ಲಿ ಬರೆದು, ಮಡಿಸಿ, ಉಪ್ಪಿನ ಡಬ್ಬಿಯ ಕೆಳಗಿಟ್ಟು ನನ್ನನ್ನು ಕರೆದಳು.

"ಒಂದು ಕನ್ನಡಿ ತನ್ನಿ."

"ಕೈಗನ್ನಡಿ ಇದೆಯಲ್ಲೇ."

"ಅದರಲ್ಲಿ ಒಂದು ಸಲಕ್ಕೆ ಅರ್ಧ ಮುಖ ಕಾಣುತ್ತೆ. ನನಗೆ ಯಾವ ಅರ್ಧ ನೋಡ್ಕೋಬೇಕು ಅಂತ ಮನಸ್ಸು ತಾನೇ ಆರಿಸಿಕೊಳ್ಳುತ್ತೆ. ಗೋಡೆ ಕನ್ನಡಿ ತನ್ನಿ. ಅಂಟಿಸಿ. ಅದರ ಮುಂದೆ ನಾನು ನಿಂತ್ಕೋತೀನಿ, ನೀವೂ ನಿಂತ್ಕೊಳ್ಳಿ. ಹೇಗೆ ಕಾಣ್ತೀನಿ ಅಂತ ಹೇಳಿ. ಆಮೇಲೆ ಸೋಮವಾರ ಹೋಗೋದೋ ಬಿಡೋದೋ ನೋಡೋಣ."

ನಾನು ಅಭ್ಯಾಸಬಲದಿಂದ ಅವಳ ಹೆಡ್‌ಮಾಸ್ಟರ ದನಿ ತೆಗೆದು "ಆಗಲಿ ಮೇಡಂ, ಅಗತ್ಯ ಕ್ರಮ ಕೈಗೊಳ್ಳಲಾಗುವುದು" ಅಂದೆ. ಇಂದುಮತಿ ನಗಲಿಲ್ಲ.

"ಹನ್ನೊಂದು ವರ್ಷದಲ್ಲಿ ಈ ಮನೇಲಿ ಹದಿನೇಳು ಜನ ನನ್ನ ಚೆನ್ನಾಗಿದೀಯ ಅಂದಿದಾರೆ. ನಮ್ಮಪ್ಪ ಅಂದಿದಾರೆ, ರೈಲ್ವೆಯವರು ಅಂದಿದಾರೆ, ಪುರಸಭೆ ಅಧ್ಯಕ್ಷರು ಎರಡು ಸಲ ಅಂದಿದಾರೆ. ನೀವೊಬ್ಬರು ಬಿಟ್ಟು. ಭಾನುವಾರ ನೀವು ಹೇಳಿ. ನಿಮ್ಮ ದನೀಲಿ."

ಶನಿವಾರ ಬೆಳಗ್ಗೆ ಓಂಕಾರಪ್ಪನ ಅಂಗಡಿಗೆ ಹೋದೆ. 'ನಂಟು ಅಂಟು ಸ್ಟೋರ್ಸ್, ಊರಿಗೇ ನಂಬರ್ ಒನ್' ಎಂಬ ಬೋರ್ಡನ್ನು ಅವನು ಜಾಣತನದಿಂದ ಎದುರಿನ ಲೈಟುಕಂಬಕ್ಕೆ ಕಟ್ಟಿದ್ದಾನೆ. ಸರಕೆಲ್ಲ ಒಳಗೆ. ಒಳಗಿನ ಗೋಡೆಯ ಮೇಲೆ ಒಂದು ಗಡಿಯಾರ. ಓಂಕಾರಪ್ಪ ಮಾತ್ರ ವರ್ಷವಿಡೀ ಫುಟ್‌ಪಾತಿನ ಸ್ಟೂಲಿನ ಮೇಲೆ. ಗುಣಗಾನ ಹೊರಗೆ ಮಾಡುತ್ತಾನೆ, ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಸಾಮಾನು ತರುತ್ತಾನೆ, ಮತ್ತೆ ಹೊರಗೆ ಬಂದು ಗುಣಗಾನ ಮುಂದುವರಿಸುತ್ತಾನೆ. ಹೀಗೆ ನಡೆದೂ ನಡೆದೂ ಅವನಿಗೆ ಹೊಟ್ಟೆ ಬಂದಿಲ್ಲ.

"ಬನ್ನಿ ಮೇಷ್ಟ್ರೇ. ಇವತ್ತು ಯಾರ ದನೀಲಿ ವ್ಯಾಪಾರ?"

"ನಂದೇ. ಕನ್ನಡಿ ಅಂಟಿಸಬೇಕು. ಮೂರಡಿ, ಎರಡಡಿ."

"ಕನ್ನಡಿ ಅಳತೆ ಬಿಡಿ. ಸುಳ್ಳಿನ ಅಳತೆ ಹೇಳಿ."

"ಸಣ್ಣದು. ಒಂದೇ ಒಂದು."

"ಎಲ್ಲರೂ ಹಂಗೇ ಅನ್ನೋದು" ಎಂದು ಓಂಕಾರಪ್ಪ ಎದ್ದು ಒಳಗೆ ಹೋಗಿ ಒಂದು ತೋಳು ತುಂಬ ಡಬ್ಬಿ ಟ್ಯೂಬು ತಂದು ಸ್ಟೂಲಿನ ಮೇಲೆ ಹರಡಿದ. "ಇದು ಮೈದಾ ಅಂಟು. ಸತ್ಯವಂತರ ಮನೇಗೆ. ಊರಲ್ಲಿ ಎರಡು ಮನೆಗೆ ಹೋಗುತ್ತೆ, ಅದರಲ್ಲಿ ಒಂದು ಖಾಲಿ ಬಿದ್ದಿದೆ. ಇದು ಎರಡೂ ಕಡೆ ಅಂಟೋ ಟೇಪು. ಅಮ್ಮನ ಕಡೇಗೂ ಹೆಂಡ್ತಿ ಕಡೇಗೂ ಮಾತಾಡೋ ಗಂಡಸರು ಇದನ್ನೇ ಕೇಳೋದು. 'ಊಟ ಚೆನ್ನಾಗಿತ್ತು' ವರೆಗೂ ತಡೆಯುತ್ತೆ. 'ಅಮ್ಮನ ಕೈ ಅಡಿಗೆಗಿಂತ' ಅಂತ ಸೇರಿಸಿದ್ರೆ ನಾನು ಜವಾಬ್ದಾರನಲ್ಲ. ಇದು ಸಿಲಿಕಾನು, ಗನ್ನಿಗೆ ಹಾಕಿ ಒತ್ತೋದು. 'ದಾರೀಲಿದೀನಿ, ಐದೇ ನಿಮಿಷ' ಅನ್ನೋರಿಗೆ. ಇನ್ನು ಇದು ನೋಡಿ, ಎರಡು ಟ್ಯೂಬಿಂದು. ಬೇರೆ ಬೇರೆ ಇದ್ದಾಗ ಎರಡೂ ಪಾಪದವು. ಬೆರೆಸಿದಿರೋ, ಹತ್ತು ನಿಮಿಷಕ್ಕೆ ಕಲ್ಲು. ಕೋರ್ಟಿಗೆ ಹೋದರೂ ಬಿಡಿಸೋಕಾಗಲ್ಲ. ಮದುವೆ ದಲ್ಲಾಳಿಗಳು ಡಬ್ಬಿಗಟ್ಟಲೆ ಒಯ್ತಾರೆ."

"ಅದಕ್ಕಿಂತ ಗಟ್ಟಿ?"

ಓಂಕಾರಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಎಲೆಕ್ಷನ್‌ಗೆ ನಿಂತಿದೀರಾ?"

"ಇಲ್ಲ."

"ಮತ್ತೆ? ಏನು ಸುಳ್ಳು ಅಂತ ಹೇಳಿಬಿಡಿ ಮೇಷ್ಟ್ರೇ. ಡಾಕ್ಟರ ಹತ್ತಿರ, ನನ್ನ ಹತ್ತಿರ ಮುಚ್ಚಿಡಬಾರದು."

ಅಧ್ಯಕ್ಷರ ದನಿ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಮನೆಯವಳ ಮುಖಕ್ಕೆ ಏನಾಗಿತ್ತು ಗೊತ್ತಲ್ಲ. ನೀನು ಮೊದಲಿನ ಹಾಗೇ ಇದೀಯ ಅನ್ನಬೇಕು. ಅಷ್ಟು ಹೊತ್ತು ಕನ್ನಡಿ ನಿಲ್ಲಬೇಕು. ಆಮೇಲೆ ಬಿದ್ದರೂ ಬೀಳಲಿ."

ಓಂಕಾರಪ್ಪ ಟೇಪಿನ ಸುರುಳಿಯನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿದ. ಆಮೇಲೆ ಎದ್ದು "ಒಳಗೆ ಬನ್ನಿ" ಅಂದ. ನಮ್ಮೂರಿನಲ್ಲಿ ಹೊರಗೆ ಕರೆಯುವವರು ಬೇಕಾದಷ್ಟು, ಒಳಗೆ ಕರೆಯುವವರು ಅಪರೂಪ. ಗಡಿಯಾರದ ಕೆಳಗೆ ನನ್ನನ್ನು ನಿಲ್ಲಿಸಿಕೊಂಡು ಅವನು ಮೆಲ್ಲಗೆ ಹೇಳಿದ: "ಇಪ್ಪತ್ತೆರಡು ವರ್ಷದಿಂದ ಮಾರ್ತಿದೀನಿ ಮೇಷ್ಟ್ರೇ. ಯಾವ ಅಂಟೂ ಸುಳ್ಳು ತಡೆಯಲ್ಲ. ಒಂದೂ ತಡೆದಿಲ್ಲ." ಗಡಿಯಾರ ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿತ್ತು.

"ಮತ್ತೆ ನಾನೇನು ಒಯ್ಯಲಿ?"

"ಕನ್ನಡಿ ಭಾರ ತಡೆಯೋದು ಒಯ್ಯಿರಿ. ಸಿಲಿಕಾನು. ಹುಳಿ ವಾಸನೆ ಬರೋದು ಬೇಡ, ಅದು ಕನ್ನಡಿ ಬೆನ್ನಿನ ಬಣ್ಣ ತಿಂದು ಕಪ್ಪು ಕಲೆ ಮಾಡುತ್ತೆ. ವಾಸನೆ ಇಲ್ಲದ್ದು ಕೊಡ್ತೀನಿ. ಗೋಡೆ ಧೂಳು ಒರೆಸಿ. ಉಂಡೆ ಉಂಡೆ ಇಟ್ಟು ಒತ್ತಬೇಡಿ, ಮೇಲಿಂದ ಕೆಳಕ್ಕೆ ಗೆರೆ ಎಳೀರಿ, ನಡುವೆ ಗಾಳಿ ಆಡಲಿ. ಒಂದು ಪೂರಾ ದಿನ ಕೆಳಗೆ ಆಸರೆ ಇರಲಿ."

ಗಡಿಯಾರದ ಕೆಳಗೆ ಹೇಳಿದ ಮಾತನ್ನು ನಂಬದಿರಲು ಕಾರಣವೇ ಇರಲಿಲ್ಲ. ಆದರೂ ಫುಟ್‌ಪಾತಿಗೆ ಬಂದ ಕೂಡಲೇ ನಾನು "ಎರಡು ಟ್ಯೂಬಿನದೂ ಒಂದು ಇರಲಿ" ಅಂದೆ. ಓಂಕಾರಪ್ಪನೂ ಹೊರಗೆ ಬಂದಿದ್ದ. "ಬಹಳ ಒಳ್ಳೇ ಮಾಲು, ಏನು ಹೇಳಿದ್ರೂ ತಡೆಯುತ್ತೆ" ಎಂದು ಕೊಟ್ಟ.

ಮಧ್ಯಾಹ್ನ ಕನ್ನಡಿ ಅಂಟಿಸಿದೆ. ಗೋಡೆ ಒರೆಸಿದೆ, ಸಿಲಿಕಾನಿನ ಗೆರೆ ಎಳೆದೆ, ಗೆರೆಗಳ ನಡುವೆ ಗಾಳಿ ಆಡಬೇಕಾದ ಜಾಗದಲ್ಲೆಲ್ಲ ಎರಡು ಟ್ಯೂಬಿನದನ್ನು ಬೆರೆಸಿ ಮೆತ್ತಿದೆ. ಗಾಳಿಗಿಂತ ಗ್ಯಾರಂಟಿ ಮುಖ್ಯವೆಂದು ಆಗ ನನಗನ್ನಿಸಿತ್ತು. ಕೆಳಗೆ ಎರಡು ಸ್ಟೂಲು, ಅವುಗಳ ಮೇಲೆ ಅರ್ಥಶಾಸ್ತ್ರದ ದಪ್ಪ ಪುಸ್ತಕಗಳನ್ನು ಪೇರಿಸಿ ಆಸರೆ ಕೊಟ್ಟೆ. ಆ ಪುಸ್ತಕಗಳು ಏನನ್ನಾದರೂ ಎತ್ತಿಹಿಡಿದದ್ದು ಅದೇ ಮೊದಲು. ಮುಂದುಗಡೆ ಒಂದು ಬೆಡ್‌ಶೀಟು ಇಳಿಬಿಟ್ಟೆ, ಸಮಯಕ್ಕೆ ಮುಂಚೆ ಯಾರೂ ನೋಡದಿರಲಿ ಎಂದು. ಇಂದುಮತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕನ್ನಡಿಗೆ ಇಷ್ಟು ಅಂಟಾ? ಸೇತುವೆ ಕಟ್ತಾ ಇದೀರಾ?"

"ಗಟ್ಟಿ ಇರಲಿ ಅಂತ."

"ಏನು ಹೇಳಬೇಕು ಅಂತಿದೀರೋ, ಅದು ಗಟ್ಟಿ ಇದ್ದರೆ ಟೇಪು ಸಾಕಿತ್ತು" ಎಂದು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅವಳು ಊಟ ಮಾಡಿ ಮಲಗಿದ ಮೇಲೆ ಅಡುಗೆಮನೆಗೆ ಹೋದೆ. ಓಂಕಾರಪ್ಪನ ಗಡಿಯಾರ ಕಿವಿಯಲ್ಲಿ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಯಾವ ಅಂಟೂ ತಡೆಯದಿದ್ದರೆ ತಡೆಯುವಂಥ ಮಾತನ್ನೇ ಹುಡುಕಬೇಕಲ್ಲ. ಒಲೆ ಹಚ್ಚಿ ಮೈದಾ ಅಂಟು ಕಾಯಿಸಿ, ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ನಿಂತು ಪಿಸುಗುಟ್ಟಿದೆ: "ನೀನು ಮೊದಲಿನ ಹಾಗೇ ಇದೀಯ." ಹಾಳೆ ಬಿತ್ತು. ಮತ್ತೆ ಅಂಟಿಸಿದೆ. "ಯಾರಿಗೂ ಗೊತ್ತಾಗಲ್ಲ." ಬಿತ್ತು. "ನನಗಂತೂ ಏನೂ ಅನ್ನಿಸಿಲ್ಲ." ಹಾಳೆ ಮಾತ್ರವಲ್ಲ, ಪಕ್ಕದಲ್ಲಿ ಅಂಟಿಸಿದ್ದ ಹಾಲಿನವನ ಚೀಟಿಯೂ ಬಿತ್ತು. "ಮುಖ ಮುಖ್ಯ ಅಲ್ಲ ಇಂದೂ, ಮನಸ್ಸು ಮುಖ್ಯ." ಇದು ನೆಲ ಮುಟ್ಟುವ ಮೊದಲು ಒಲೆಯ ಮೇಲೆ ಬಿದ್ದು ಅಂಚು ಸುಟ್ಟಿತು. ಸೋತು ಹೋಗಿ "ಎಡಗಡೆ ತುಟಿ ಇಳಿದಿದೆ" ಅಂದೆ. ಹಾಳೆ ಕಲ್ಲಿನಂತೆ ನಿಂತಿತು. ಅದನ್ನು ಹೇಳಲು ನಾನು ಯಾಕೆ ಬೇಕು, ಕನ್ನಡಿಯೇ ಹೇಳುತ್ತದೆ.

ಕೋಣೆಯಿಂದ ಇಂದುಮತಿಯ ದನಿ ಬಂತು. "ಎಷ್ಟನೇ ಸಲ ರೀ ಅದು ಬಿದ್ದಿದ್ದು?"

"ಗಾಳಿ ಕಣೇ" ಅಂದೆ. ನಿಂತಿದ್ದ ಹಾಳೆಯೂ ಬಿತ್ತು.

ಸಂಜೆ ಐದಕ್ಕೆ ಸ್ಟೂಲು ತೆಗೆದೆ, ಪುಸ್ತಕ ತೆಗೆದೆ. ಕನ್ನಡಿ ನಿಂತಿತು. ಬೆಡ್‌ಶೀಟು ಎಳೆದದ್ದು ಇಂದುಮತಿ. ಕಿಟಕಿಯ ಬೆಳಕು ಅವಳ ಎಡಗಡೆಗೇ ಬೀಳುತ್ತಿತ್ತು. ಜಾಗ ಬದಲಿಸಲಿಲ್ಲ. ಮೂರು ತಿಂಗಳ ನಂತರ ತನ್ನ ಇಡೀ ಮುಖವನ್ನು ಒಂದೇ ಸಲಕ್ಕೆ ನೋಡಿಕೊಂಡಳು. ಹುಬ್ಬು ಎತ್ತಿದಳು, ಒಂದೇ ಎದ್ದಿತು. ಕಣ್ಣು ಮುಚ್ಚಿದಳು, ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ತಡವಾಗಿ ಬಂದು ಸೇರಿತು. ತರಗತಿಯಲ್ಲಿ ಹಾಜರಿ ಕೂಗುವವಳಂತೆ "ಅ, ಆ, ಪ, ಫ, ಬ, ಭ" ಅಂದಳು. ತುಟಿ ಕೂಡಿಸುವ ಅಕ್ಷರಗಳಲ್ಲಿ ಸ್ವಲ್ಪ ಗಾಳಿ ಸೋರಿತು.

"ಹೂಂ, ಹೇಳಿ" ಅಂದಳು, ಕನ್ನಡಿಯೊಳಗಿನ ನನಗೆ.

ಬಾಯಿ ತೆರೆದೆ. ಹದಿನೇಳು ಜನವೂ ಗಂಟಲಲ್ಲಿ ಕ್ಯೂ ನಿಂತಿದ್ದರು. ಮಾವನವರು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಿದ್ದರು. ಅವರನ್ನೆಲ್ಲ ದಾಟಿಕೊಂಡು ಕೊನೆಗೆ ಒಂದು ದನಿ ಬಂತು. ತೆಳ್ಳಗೆ, ಒಣಗಿದ್ದು, ಯಾರೋ ಹೊಸಬ ನನ್ನನ್ನು ಅಣಕಿಸಲು ಹೋಗಿ ಸೋತ ಹಾಗಿತ್ತು. ಅದೇ ನನ್ನದು.

"ಎಡಗಡೆ ಇಳಿದಿದೆ" ಅಂದೆ. ಕನ್ನಡಿ ಅಲ್ಲಾಡಲಿಲ್ಲ. "ನಕ್ಕರೆ ಇನ್ನೂ ಗೊತ್ತಾಗುತ್ತೆ. ನಾಳೆ ಮಕ್ಕಳು ನೋಡ್ತಾರೆ. ಒಂದಿಬ್ಬರು ನಗಬಹುದು. ಅವರಲ್ಲಿ ಒಬ್ಬ ನಿನ್ನ ಹಾಗೆ ಮಾಡಿ ತೋರಿಸ್ತಾನೆ, ನಾನಾಗಿದ್ದರೆ ನಾನೇ ಮಾಡ್ತಿದ್ದೆ." ಇಂದುಮತಿ ಕಣ್ಣು ಕೀಳಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ತಿಳಿದಿತ್ತು, ಹೇಳುತ್ತ ಹೋದೆ. "ಮೊದಲ ವಾರ ನಿನ್ನ ನೋಡೋಕೆ ಹೆದರಿಕೆ ಆಗ್ತಿತ್ತು. ಊಟಕ್ಕೆ ಕೂತಾಗ ನಾನು ತಟ್ಟೆ ನೋಡ್ತಿದ್ದೆ. ನೀನು ಗಮನಿಸಿಲ್ಲ ಅಂದುಕೊಂಡಿದ್ದೆ, ಗಮನಿಸಿರ್ತೀಯ. ಮೂರು ತಿಂಗಳಿಂದ ಆರ್ಕೆಸ್ಟ್ರಾದಲ್ಲಿ ಸೊಟ್ಟ ಬಾಯಿಯ ಐಟಮ್ಮು ಮಾಡೋದು ಬಿಟ್ಟಿದೀನಿ, ಆಗ್ತಾ ಇಲ್ಲ. ಈಗ..." ಮುಂದಿನ ಮಾತನ್ನು ನಾನು ಕ್ಯಾಲೆಂಡರಿನ ಮುಂದೆ ಹೇಳಿ ನೋಡಿರಲಿಲ್ಲ. ಅದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ಕನ್ನಡಿಯ ಕೆಳಗಂಚಿಗೆ ಒಂದು ಕೈ ಕೊಟ್ಟುಕೊಳ್ಳೋಣವೇ ಎಂದು ಯೋಚಿಸಿದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಈಗ ಅಕ್ಷರ ಹೇಳ್ತಾ ನಿಂತಿದ್ದೆಯಲ್ಲ, ಆಗ ಚೆನ್ನಾಗಿ ಕಂಡೆ. ನನಗೆ ಚೆನ್ನಾಗಿ ಕಾಣ್ತೀಯ."

ಕಣ್ಣು ಮುಚ್ಚಿಕೊಂಡಿದ್ದೆ. ಸದ್ದಿಲ್ಲ. ಒಂದು ಕಣ್ಣು ತೆರೆದೆ. ಕನ್ನಡಿ ಗೋಡೆಯ ಮೇಲಿತ್ತು. ಅವಳೂ ಕಣ್ಣು ಮುಚ್ಚಿಕೊಂಡಿದ್ದಳು, ಎಡಗಣ್ಣು ಮಾತ್ರ ಇನ್ನೂ ಪೂರ್ತಿ ಸೇರಿರಲಿಲ್ಲ; ಕನ್ನಡಿಯಲ್ಲಿ ಇಬ್ಬರು ಒಂಟಿಗಣ್ಣಿನವರಂತೆ ಪರಸ್ಪರ ನೋಡುತ್ತಿದ್ದೆವು.

ಇಂದುಮತಿ ಸೆರಗಿನಿಂದ ಗಲ್ಲ ಒರೆಸಿಕೊಂಡಳು. ಗಲ್ಲ ಒದ್ದೆಯಾದದ್ದು ಈ ಸಲ ಕಾಫಿಯಿಂದಲ್ಲ. ಆಮೇಲೆ ಟೀಚರಿನ ಗತ್ತು ತಂದುಕೊಂಡು, ತಲೆಯನ್ನು ಒಂದಿಷ್ಟು ಮೇಲೆತ್ತಿ, "ನೀವು ಹೀಗಂದಿರಿ ಅಂತ ನನಗೇನೂ ಖುಷಿ ಆಗಿಲ್ಲ" ಅಂದಳು.

ಸಿಲಿಕಾನಿನ ಗೆರೆ, ಎರಡು ಟ್ಯೂಬಿನ ಕಲ್ಲು, ಅಂಗೈಯಗಲದ ಗಾರೆ, ಎಲ್ಲವನ್ನೂ ಕಿತ್ತುಕೊಂಡು ಕನ್ನಡಿ ಬಿತ್ತು.

ಇಬ್ಬರೂ ಚೂರುಗಳನ್ನು ನೋಡುತ್ತ ನಿಂತೆವು. ಮೊದಲು ನಕ್ಕವಳು ಅವಳು, ಸೊಟ್ಟಗೆ, ಜೋರಾಗಿ, ಮುಖಕ್ಕೆ ಕೈ ಅಡ್ಡ ಇಡದೆ. ಈ ಸಲ ಪೊರಕೆ ತರಲು ಹೋದವನು ನಾನು. ವಾಪಸು ಬಂದು ನೋಡಿದರೆ, ಉಪ್ಪಿನ ಡಬ್ಬಿಯ ಕೆಳಗಿನ ಕಾಗದವನ್ನು ಅವಳು ತೆಗೆದುಕೊಂಡು ಬಂದು, ನಾಲ್ಕು ಮಡಿಕೆ ಮಾಡಿ, ಸಣ್ಣ ಚೂರುಗಳನ್ನು ಅದರಿಂದಲೇ ಒಟ್ಟು ಮಾಡುತ್ತ ಕೂತಿದ್ದಳು.

ಸೋಮವಾರ ಅವಳನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಓಂಕಾರಪ್ಪನ ಅಂಗಡಿಗೆ ಹೋದೆ. ನನ್ನನ್ನು ನೋಡುತ್ತಲೇ ಅವನು ಸ್ಟೂಲಿನಿಂದ ಎದ್ದು, "ಬಿತ್ತಾ? ನಾನು ಒಳಗೇ ಹೇಳಿದ್ದೆ ಮೇಷ್ಟ್ರೇ, ನಿಮ್ಮ ಸುಳ್ಳನ್ನ ಯಾವ ಅಂಟೂ ತಡೆಯಲ್ಲ ಅಂತ" ಅಂದ.

"ಸುಳ್ಳು ನಂದಲ್ಲ. ಅವಳದು."

ಓಂಕಾರಪ್ಪ ತುಟಿಯಂಚಿನಲ್ಲಿ ನಕ್ಕ. ಫುಟ್‌ಪಾತಿನ ಮೇಲೆ ನಿಂತು ಹೇಳಿದ್ದನ್ನು ನಂಬುವಷ್ಟು ದಡ್ಡನಲ್ಲ ಅವನು. ನಾನು ಅವನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದೆ. ಗಡಿಯಾರದ ಕೆಳಗೆ ನಿಂತು, ಗಂಟಲು ಸರಿಮಾಡಿಕೊಂಡು, ಅದೇ ಮಾತನ್ನು ನನ್ನ ದನಿಯಲ್ಲಿ ಇನ್ನೊಂದು ಸಲ ಹೇಳಿದೆ.